ಇದು ಯಾವ ಊರಿನ ಗಾಳಿ?

ಈ ವಾರ ಶೂಟಿಂಗ್ ರೇಂಜ್‌ನಲ್ಲಿ ಕಿವಿಗೆ ಬಿದ್ದ ಒಂದು ಪ್ರಶ್ನೆ ತಲೆಯಿಂದ ಇಳಿಯುತ್ತಲೇ ಇಲ್ಲ. "ಇದು ಯಾವ ಊರಿನ ಗಾಳಿ?" ಕೇಳಿದವರು ಅಲ್ಲಿನ ಹಿರಿಯ ಶೂಟರ್. ಕೇಳಿಸಿಕೊಂಡವನು ನನ್ನ ಪಕ್ಕದಲ್ಲೇ ಮಲಗಿ 800 ಮೀಟರ್ ದೂರದ ಉಕ್ಕಿನ ಪ್ಲೇಟಿಗೆ ಗುರಿ ಹಿಡಿದಿದ್ದ ಹುಡುಗ.

ಹುಡುಗನ ತಯಾರಿ ಅಚ್ಚುಕಟ್ಟಾಗಿತ್ತು. .308 ರೈಫಲ್, 175 ಗ್ರೇನ್ ಗುಂಡು. ಕ್ರೋನೋಗ್ರಾಫ್ ಇಟ್ಟು ಗುಂಡಿನ ವೇಗ ಅಳೆದಿದ್ದ. ಗಾಳಿ ಗುಂಡನ್ನು ಎಷ್ಟು ತಡೆಯುತ್ತೆ ಅನ್ನೋ ಲೆಕ್ಕಕ್ಕೆ, ಹಿಂಬದಿ ಸಪೂರವಾಗಿರುವ ಉದ್ದ ಗುಂಡಾದರೆ ಜಿ1 ಮಾದರಿ ಬಿಟ್ಟು ಜಿ7 ಮಾದರಿ ಆರಿಸಬೇಕು ಅನ್ನೋದೂ ಅವನಿಗೆ ಗೊತ್ತಿತ್ತು. ಎಲ್ಲವನ್ನೂ ಫೋನಿನ ಬ್ಯಾಲಿಸ್ಟಿಕ್ಸ್ ಆ್ಯಪ್‌ಗೆ, ಅಂದರೆ ಗುಂಡಿನ ಹಾದಿ ಲೆಕ್ಕ ಹಾಕುವ ಆ್ಯಪ್‌ಗೆ ತುಂಬಿ, ಅದು ಹೇಳಿದಷ್ಟು ಮಿಲ್ (ಗುರಿಯ ಕೋನ ಅಳೆಯುವ ಮಾನ) ಸ್ಕೋಪ್‌ನ ಟರೆಟ್, ಅಂದರೆ ಗುರಿ ಮೇಲೆ-ಕೆಳಗೆ ಮಾಡುವ ಗುಂಡಿ, ತಿರುಗಿಸಿದ್ದ. ಆದರೂ ಗುಂಡುಗಳು ಒಂದರ ಹಿಂದೊಂದು ಪ್ಲೇಟಿನ ನೆತ್ತಿಯ ಮೇಲೆ ಹಾದು ಹಿಂದಿನ ದಿಬ್ಬದಲ್ಲಿ ಧೂಳೆಬ್ಬಿಸುತ್ತಿದ್ದವು. ಎಡ-ಬಲ ಸರಿಯಿತ್ತು. ಎಲ್ಲವೂ ಮೇಲೆ, ಅದೂ ಹೆಚ್ಚುಕಮ್ಮಿ ಒಂದೇ ಜಾಗದಲ್ಲಿ.

"ಫೋನ್ ನೋಡ್ಕೊಂಡು ಗುಂಡು ಹೊಡೆದ್ರೆ ಇನ್ನೇನಾಗುತ್ತೆ" ಅಂತ ಹಿಂದಿನಿಂದ ಒಬ್ಬರು ಅಂದರು. ಅವರ ಬಗ್ಗೆ ನನಗೆ ಮೊದಲಿಂದಲೂ ಅಷ್ಟಕ್ಕಷ್ಟೆ. ಕಲಿಯುವವನ ಬೆನ್ನ ಹಿಂದೆ ನಿಂತು ಮಾತಾಡುತ್ತಾರೆ, ಬಗ್ಗಿ ನೋಡುವುದಿಲ್ಲ. ಇನ್ನೊಬ್ಬರು ಒಳ್ಳೆಯ ಮನಸ್ಸಿನಿಂದಲೇ, "ಆ್ಯಪ್‌ನಲ್ಲಿ ವೇಗ ಸ್ವಲ್ಪ ಜಾಸ್ತಿ ಹಾಕಿಬಿಡು, ಸರಿಹೋಗುತ್ತೆ" ಅಂದರು. ಹುಡುಗ ಹಾಕಲು ಹೊರಟೇಬಿಟ್ಟಿದ್ದ.

ಹಿರಿಯರು ತಡೆದರು. ಮಂಡಿಯೂರಿ ಕೂತು, ಬಿಸಿಲಿಗೆ ಅಂಗೈ ಅಡ್ಡ ಹಿಡಿದು ಪರದೆ ನೋಡಿದರು. ಗಾಳಿಯ ಒತ್ತಡದ ಜಾಗದಲ್ಲಿ 1015 ಹೆಕ್ಟೊಪಾಸ್ಕಲ್ ಅಂತಿತ್ತು. ಆಗಲೇ ಆ ಪ್ರಶ್ನೆ ಬಂದದ್ದು.

"ಇಲ್ಲಿಯದೇ ಸರ್. ಆ್ಯಪ್ ತಾನೇ ತಗೊಂಡಿದೆ."

ಅವರು ಏನೂ ಹೇಳದೆ ಜೇಬಿನಿಂದ ತಮ್ಮ ಪುಟ್ಟ ಗಾಳಿ ಮೀಟರ್ ತೆಗೆದು ಫೋನಿನ ಪಕ್ಕದಲ್ಲಿಟ್ಟರು. ಅದರಲ್ಲಿ ಒತ್ತಡ 911.

ಆ ರೇಂಜ್ ಇರುವುದು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿ. ಆ್ಯಪ್ ಇಂಟರ್ನೆಟ್‌ನಿಂದ ತಗೊಂಡದ್ದು ಹವಾಮಾನ ವರದಿಯ ಅಂಕಿ. ಅಂಥ ವರದಿಗಳು ಸಾಮಾನ್ಯವಾಗಿ ಕೊಡುವುದು ಸಮುದ್ರಮಟ್ಟಕ್ಕೆ ಇಳಿಸಿ ಲೆಕ್ಕ ಹಾಕಿದ ಒತ್ತಡ. ಬೇರೆ ಬೇರೆ ಎತ್ತರದ ಊರುಗಳನ್ನು ಹೋಲಿಸಲು ಅದು ಬೇಕು. ಗುಂಡಿಗೆ ಅದರಿಂದ ಏನೂ ಆಗಬೇಕಿಲ್ಲ. ಅದು ಸೀಳಿಕೊಂಡು ಹೋಗುವುದು ಇಲ್ಲಿನ ತೆಳು ಗಾಳಿಯನ್ನು. ಆ್ಯಪ್ ಮಾತ್ರ ದಟ್ಟ ಗಾಳಿ ಅಂದುಕೊಂಡು, ಗುಂಡು ಜಾಸ್ತಿ ಬೀಳುತ್ತೆ ಅಂತ ಲೆಕ್ಕ ಹಾಕಿ, ಬೇಕಾದ್ದಕ್ಕಿಂತ ಮೇಲೆ ಗುರಿ ಹಿಡಿಸಿತ್ತು. ವ್ಯತ್ಯಾಸ ಹೆಚ್ಚುಕಮ್ಮಿ ಅರ್ಧ ಮಿಲ್. 800 ಮೀಟರ್‌ನಲ್ಲಿ ಅಂದರೆ 40 ಸೆಂಟಿಮೀಟರ್. ಇಡೀ ಪ್ಲೇಟ್ ತಪ್ಪಲು ಅಷ್ಟು ಸಾಕು.

ವೇಗ ಜಾಸ್ತಿ ಹಾಕಿದ್ದರೆ, ಗುಂಡು ಕಡಿಮೆ ಬೀಳುತ್ತೆ ಅಂತ ಆ್ಯಪ್ ಗುರಿ ಇಳಿಸಿ, ಅವತ್ತು ಪ್ಲೇಟ್ ಸದ್ದು ಮಾಡುತ್ತಿತ್ತು, ನಿಜ. ಹುಡುಗ ಖುಷಿಯಾಗಿ ಮನೆಗೆ ಹೋಗುತ್ತಿದ್ದ. ಆದರೆ ಸರಿಯಾಗಿ ಅಳೆದಿದ್ದ ಒಂದು ಅಂಕಿಯನ್ನು ಕೆಡಿಸಿ, ತಪ್ಪಾಗಿದ್ದ ಇನ್ನೊಂದನ್ನು ಮುಚ್ಚಿಟ್ಟಂತಾಗುತ್ತಿತ್ತು. ಬೇರೆ ದೂರಕ್ಕೆ, ಬೇರೆ ಎತ್ತರದ ರೇಂಜ್‌ಗೆ ಹೋದಾಗ ಮತ್ತೆ ಕೈಕೊಡುತ್ತಿತ್ತು. ಆಗ ಎಲ್ಲಿ ಅಂತ ಹುಡುಕುವುದು? ನನ್ನನ್ನು ಕಾಡುತ್ತಿರುವುದು ಇದೇ. ಬೈದವರಿಗಿಂತ ಈ ಸುಲಭದ ಸಲಹೆಯೇ ಹೆಚ್ಚು ಅಪಾಯ.

ನಾನು ಆ್ಯಪ್‌ಗಳ ಪರ. ಅಮೆರಿಕದ ಸೈನ್ಯ ಎನಿಯಾಕ್ ಕಂಪ್ಯೂಟರ್ ಕಟ್ಟಿಸಲು ಹಣ ಹಾಕಿದ್ದೇ ಫಿರಂಗಿ ಗುಂಡಿನ ಕೋಷ್ಟಕಗಳಿಗಾಗಿ. ಮೇಜಿನ ಮೇಲಿನ ಲೆಕ್ಕದ ಯಂತ್ರ ಹಿಡಿದು ಒಬ್ಬರು ಸುಮಾರು 20 ಗಂಟೆ ಕೂತು ಮಾಡಬೇಕಿದ್ದ ಒಂದೇ ಒಂದು ಪಥದ ಲೆಕ್ಕವನ್ನು ಅದು 30 ಸೆಕೆಂಡಿನಲ್ಲಿ ಮುಗಿಸಿತು. ಇವತ್ತು ಬೆರಳು ಮುಟ್ಟಿಸಿದರೆ ಉತ್ತರ. ಗುಂಡು ತಿರುಗುತ್ತಾ ಪಕ್ಕಕ್ಕೆ ಸರಿಯುವುದು, ಭೂಮಿ ತಿರುಗುವುದರ ಪರಿಣಾಮ, ಎಲ್ಲವೂ ಸೇರಿ. ಇಂಥದ್ದನ್ನು ಬೇಡ ಅನ್ನುವುದು ಹಟ ಅಷ್ಟೆ. ಆದರೆ ಒತ್ತಡ ಸ್ಥಳದ್ದೋ ಸಮುದ್ರಮಟ್ಟದ್ದೋ ಅನ್ನುವ ಆಯ್ಕೆಯನ್ನು ಮೂರು ಮೆನುಗಳ ಒಳಗೆ ಹೂತಿಡುವುದು ಯಾವ ನ್ಯಾಯ? ಅದು ಮೊದಲ ಪರದೆಯಲ್ಲೇ ಇರಬೇಕು. ಎಷ್ಟೋ ಫೋನ್‌ಗಳ ಒಳಗೇ ಒತ್ತಡ ಅಳೆಯುವ ಸೆನ್ಸರ್ ಇರುತ್ತದೆ. ಪಕ್ಕದಲ್ಲೇ ಉತ್ತರ ಇಟ್ಟುಕೊಂಡು ಇಂಟರ್ನೆಟ್‌ಗೆ ಹೋಗಿ ಕೇಳುವುದು ಏಕೆ?

911 ಹಾಕಿದ ಮೇಲೆ ಪ್ಲೇಟ್ ಸದ್ದು ಮಾಡಿತು. ಸದ್ದು ನಮಗೆ ತಲುಪಲು ಎರಡು ಸೆಕೆಂಡಿಗಿಂತ ಜಾಸ್ತಿ ಬೇಕು. ಅಷ್ಟು ಹೊತ್ತೂ ಹುಡುಗ ಸ್ಕೋಪ್‌ನಿಂದ ಕಣ್ಣು ತೆಗೆಯಲಿಲ್ಲ.

ಮಧ್ಯಾಹ್ನ ಗಾಳಿ ಎದ್ದಿತು. ಅಡ್ಡ ಗಾಳಿಯನ್ನು ಸೆಕೆಂಡಿಗೆ ಒಂದು ಮೀಟರ್ ತಪ್ಪಾಗಿ ಅಂದಾಜು ಮಾಡಿದರೂ ಆ ದೂರದಲ್ಲಿ ಹತ್ತಿರ ಹತ್ತಿರ ಅದೇ 40 ಸೆಂಟಿಮೀಟರ್, ಈ ಸಲ ಪಕ್ಕಕ್ಕೆ. ನಮ್ಮ ಹತ್ತಿರದ ಬಾವುಟ ಒಂದು ಕಡೆ, ಪ್ಲೇಟಿನ ಹತ್ತಿರದ್ದು ಇನ್ನೊಂದು ಕಡೆ. ನಡುವೆ ಬಿಸಿಲಝಳ ಹರಿಯುವುದು ಬೇರೆಯೇ ಥರ. ಹುಡುಗನ ಆ್ಯಪ್ ಕೇಳುವುದು ಗಾಳಿಗೆ ಒಂದೇ ಅಂಕಿ. ಹಿರಿಯರು ಅವನಿಗೊಂದು ನೋಟ್‌ಬುಕ್ ಕೊಟ್ಟು, ಪ್ರತಿ ಗುಂಡಿಗೂ ಮುಂಚೆ ತನ್ನ ಅಂದಾಜು ಬರೆದು, ಆಮೇಲೆ ಬಿದ್ದ ಜಾಗ ಬರೆಯಲು ಹೇಳಿದರು. ಹೊಸಬರಿಗೆಲ್ಲ ಆ್ಯಪ್ ಜೊತೆಗೇ ಇದನ್ನೂ ಕಲಿಸಿ ಅಂತ ರೇಂಜ್ ನಡೆಸುವವರಿಗೆ ಹೇಳಿದ್ದೇನೆ. ನೋಡೋಣ ಅಂದಿದ್ದಾರೆ.