ಪ್ರತಿ ಬೀಪ್‌ಗೆ ಒಂದು

ದಾವಣಗೆರೆಯ ಒಂದು ದಿನಸಿ ಅಂಗಡಿಯಿಂದ ಮೂರು ದಿನಕ್ಕೊಂದು ಸಲ ಫೋನ್ ಬರುತ್ತಿತ್ತು. ಸಂಜೆ ರಶ್ ಹೊತ್ತಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಕೈಕೊಡುತ್ತದೆ ಅಂತ. ಬರೆದವನು ನಾನೇ. ನನ್ನ ಲ್ಯಾಪ್‌ಟಾಪ್‌ನಲ್ಲಿ ಒಂದು ದಿನವೂ ಕೈಕೊಟ್ಟಿರಲಿಲ್ಲ. ಎರರ್ ಬೇರೆ ‘ಎ ಜೆನೆರಿಕ್ ಎರರ್ ಅಕರ್ಡ್ ಇನ್ ಜಿಡಿಐ ಪ್ಲಸ್’. ಜಿಡಿಐ ಅಂದರೆ ಪರದೆ ಮೇಲೆ ಚಿತ್ರ ಬಿಡಿಸುವ ವಿಂಡೋಸ್‌ನ ಭಾಗ. ಅಲ್ಲಿ ಏನೋ ಆಗಿದೆ ಅಂತ ಮಾತ್ರ ಹೇಳುವ ಎರರ್!

ಕೊನೆಗೆ ಬಸ್ ಹತ್ತಿದೆ. ಕೌಂಟರ್ ಹುಡುಗ ಸಮಾಧಾನ ಹೇಳಿದ: ‘ಬಂದ್ ಮಾಡಿ ಮತ್ತೆ ತೆಗೆದ್ರೆ ಸರಿ ಹೋಗುತ್ತೆ ಸಾರ್.’ ರಾತ್ರಿ ಬಂದ್ ಮಾಡಲ್ವಾ ಅಂದೆ. ‘ಇಲ್ಲ, ಮಾನಿಟರ್ ಅಷ್ಟೇ ಆಫ್ ಮಾಡೋದು.’ ನಾನೋ, ಕೋಡ್ ತಿದ್ದಿದಾಗಲೆಲ್ಲ ಮುಚ್ಚಿ ತೆಗೆಯುವವನು. ನನಗೆ ಹೇಗೆ ಸಿಕ್ಕೀತು?

ಟಾಸ್ಕ್ ಮ್ಯಾನೇಜರ್ ತೆಗೆದೆ. ಮೆಮೊರಿ ಸ್ವಲ್ಪ ಜಾಸ್ತಿ ಅನ್ನಿಸಿತು, ಆದರೆ ರ‍್ಯಾಮ್ ಬೇಕಾದಷ್ಟು ಖಾಲಿ ಇತ್ತು. ಡೀಟೇಲ್ಸ್ ಟ್ಯಾಬ್‌ನಲ್ಲಿ ‘ಜಿಡಿಐ ಆಬ್ಜೆಕ್ಟ್ಸ್’ ಅನ್ನೋ ಕಾಲಮ್ ಸೇರಿಸಿದೆ. ಪ್ರೋಗ್ರಾಮ್ ಹಿಡಿದುಕೊಂಡಿರುವ ಚಿತ್ರದಂಥ ವಸ್ತುಗಳ ಎಣಿಕೆ ಅದು. 9,412. ಹುಡುಗ ತೊಗರಿಬೇಳೆ ಪ್ಯಾಕೆಟ್ ಸ್ಕ್ಯಾನ್ ಮಾಡಿದ. ಬೀಪ್, 9,413. ಸೋಪು. ಬೀಪ್, 9,414. ಕೆಳಗೆ ಇಳಿಯುವ ಮಾತೇ ಇಲ್ಲ. ವಿಂಡೋಸ್ ಒಂದು ಪ್ರೋಗ್ರಾಮ್‌ಗೆ ಸಾಮಾನ್ಯವಾಗಿ ಕೊಡೋದೇ 10,000. ಅಂಗಡಿಯಲ್ಲಿ ದಿನಕ್ಕೆ ಮೂರು ಸಾವಿರ ಚಿಲ್ಲರೆ ಐಟಂ ಹೋಗುತ್ತವೆ. ಲೆಕ್ಕ ಕೂಡಿತು.

ಸ್ಕ್ಯಾನ್ ಆದ ವಸ್ತುವಿನ ಪುಟ್ಟ ಫೋಟೋ ತೋರಿಸೋಣ ಅಂತ ಶೋಕಿಗೆ ಹಾಕಿದ್ದೆ. ಆ ಬಿಟ್‌ಮ್ಯಾಪನ್ನು (ಮೆಮೊರಿಯಲ್ಲಿನ ಚಿತ್ರ) ಡಬ್ಲ್ಯುಪಿಎಫ್ (ವಿಂಡೋಸ್ ಪರದೆ ಕಟ್ಟುವ ಡಾಟ್‌ನೆಟ್ ಸಾಧನ) ಪರದೆಗೆ ಕೊಡಲು ‘ಗೆಟ್‌ಎಚ್‌ಬಿಟ್‌ಮ್ಯಾಪ್’ ಕರೆದಿದ್ದೆ. ಕೆಲಸ ಮುಗಿದ ಮೇಲೆ ಬಿಟ್‌ಮ್ಯಾಪನ್ನು ಡಿಸ್ಪೋಸ್ (ವಿಲೇವಾರಿ) ಕೂಡ ಮಾಡಿದ್ದೆ, ಆ ಸಾಲಿನ ಬಗ್ಗೆ ಒಳಗೊಳಗೇ ಹೆಮ್ಮೆಯೂ ಇತ್ತು. ಆದರೆ ಗೆಟ್‌ಎಚ್‌ಬಿಟ್‌ಮ್ಯಾಪ್ ಕೊಡುವ ಹ್ಯಾಂಡಲ್, ಅಂದರೆ ಗುರುತಿನ ಸಂಖ್ಯೆ, ತೋರಿಸೋದು ವಿಂಡೋಸ್ ಹತ್ತಿರ ಇರುವ ಬೇರೆಯದೇ ಒಂದು ಪ್ರತಿಯನ್ನು. ಬಿಟ್‌ಮ್ಯಾಪ್ ಹೋದರೂ ಅದು ಉಳಿಯುತ್ತೆ. ಬೇಡದ ಮೆಮೊರಿಯನ್ನು ತಾನೇ ಬಿಡಿಸುವ ಡಾಟ್‌ನೆಟ್‌ನ ಗಾರ್ಬೇಜ್ ಕಲೆಕ್ಟರ್‌ಗೆ ಅದು ಕಾಣೋದೂ ಇಲ್ಲ. ‘ಡಿಲೀಟ್‌ಆಬ್ಜೆಕ್ಟ್’ ಅಂತ ನಾವೇ ಕರೆದು ಬಿಡಿಸಬೇಕು. ದಾಖಲೆಯಲ್ಲಿ ಸ್ಪಷ್ಟವಾಗಿ ಬರೆದಿದ್ದಾರೆ. ನಾನು ಉದಾಹರಣೆ ಕೋಡ್ ಕಾಪಿ ಮಾಡಿ, ಕೆಳಗಿನ ಟಿಪ್ಪಣಿ ಬಿಟ್ಟಿದ್ದೆ.

ಅಕ್ಕಿ ಮೂಟೆ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, ಫೈನಲಿ ಬ್ಲಾಕ್‌ನಲ್ಲಿ (ಏನೇ ಆದರೂ ಕೊನೆಗೆ ಓಡುವ ಕೋಡ್) ಆ ಒಂದು ಸಾಲು ಸೇರಿಸಿದೆ. ಆಮೇಲೆ ಸ್ಕ್ಯಾನ್ ಆದಾಗ ಸಂಖ್ಯೆ ಒಂದು ಏರಿ, ಹಾಗೇ ಇಳಿಯತೊಡಗಿತು. ಅರ್ಧ ಗಂಟೆ ಸುಮ್ನೆ ಅದನ್ನೇ ನೋಡುತ್ತಾ ಕೂತಿದ್ದೆ.

ಹುಡುಗ ಮಾತ್ರ ಇವತ್ತಿಗೂ ಮೂರನೇ ದಿನ ಮಧ್ಯಾಹ್ನ ಒಂದು ಸಲ ಬಂದ್ ಮಾಡಿ ತೆಗೆಯುತ್ತಾನಂತೆ.