ಒಂದೇ ಹೆಡ್‌ಸೆಟ್ ಎಲ್ಲದಕ್ಕೂ ಆಗ್ತದಾ?

ಸಿರಸಿ, ಕುಮಟಾ, ಕಾರವಾರ ಕಡೆಯವರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ ನಮೂನೆ: "ಹಗಲು ಲ್ಯಾಪ್‌ಟಾಪಲ್ಲಿ ಆಫೀಸ್ ಮೀಟಿಂಗು, ರಾತ್ರಿ ಪಿಎಸ್5ನಲ್ಲಿ ಆಟ, ನಡುನಡುವೆ ಫೋನು. ಮೂರಕ್ಕೂ ಸೇರಿ ಒಂದೇ ವೈರ್‌ಲೆಸ್ ಗೇಮಿಂಗ್ ಹೆಡ್‌ಸೆಟ್ ತಗೊಂಡ್ರೆ ಆಗ್ತದಾ?"

ಆಗ್ತದೆ. ಆದರೆ ಡಬ್ಬದ ಮೇಲಿನ 'ಮಲ್ಟಿ ಪ್ಲಾಟ್‌ಫಾರ್ಮ್' ಎಂಬ ಅಕ್ಷರ ನಂಬಿ ತಂದವರಿಗೆ ಮೂರರಲ್ಲಿ ಒಂದು ಕೈಕೊಡುವುದೇ ಹೆಚ್ಚು. ಅದೂ ಹಾಡು ಕೇಳುವಾಗ ಗೊತ್ತಾಗುವುದಿಲ್ಲ, ಮೈಕ್ ಆನ್ ಮಾಡಿದಾಗ ಗೊತ್ತಾಗುತ್ತದೆ.

ಆರ್ಡರ್ ಹಾಕುವ ಮೊದಲು ದಿನಸಿ ಚೀಟಿಯ ಹಿಂಬದಿಯಲ್ಲಿ ಮನೆಯ ಸಾಮಾನುಗಳ ಹೆಸರು ಬರೆಯಿರಿ: ಲ್ಯಾಪ್‌ಟಾಪು, ಕನ್ಸೋಲು (ಪಿಎಸ್5, ಎಕ್ಸ್‌ಬಾಕ್ಸಿನಂಥ ಆಟದ ಪೆಟ್ಟಿಗೆ), ಫೋನು, ಟಿವಿ. ಒಂದೊಂದರ ಎದುರಿಗೆ ಧ್ವನಿ ಯಾವ ದಾರಿಯಲ್ಲಿ ಹೋಗುತ್ತದೆ ಎಂದು ಬರೆಯಿರಿ. ಮುಖ್ಯ ದಾರಿಗಳು ಮೂರು: 2.4 ಗಿಗಾಹರ್ಟ್ಸ್ ಡಾಂಗಲ್ (ಹೆಡ್‌ಸೆಟ್ ಜೊತೆ ಬರುವ, ಯುಎಸ್‌ಬಿ ತೂತಿಗೆ ಹಾಕುವ ಪುಟ್ಟ ರಿಸೀವರ್), ಬ್ಲೂಟೂತ್, 3.5 ಎಂಎಂ ವೈರು. ಆ ದಾರಿಯಲ್ಲಿ ಮೈಕ್ ನಡೆಯುತ್ತದೆಯೇ ಎಂಬುದನ್ನು ಪಕ್ಕದಲ್ಲಿ ಬರೆಯಿರಿ. ಖಾಲಿ ಜಾಗ ಎಲ್ಲಿ ಉಳಿಯುತ್ತದೋ ಆ ಹೆಡ್‌ಸೆಟ್ ಅಲ್ಲಿ ಸೋಲುತ್ತದೆ. ಡ್ರೈವರ್, ಅಂದರೆ ಒಳಗಿನ ಸ್ಪೀಕರ್, 40 ಎಂಎಂ, 50 ಎಂಎಂ ಎಂಬ ಲೆಕ್ಕವೆಲ್ಲ ಆಮೇಲಿನದು.

ಕನ್ಸೋಲಿನಿಂದ ಶುರುಮಾಡಿ, ಯಾಕೆಂದರೆ ಹಟಮಾರಿಗಳು ಅವೇ. ಪಿಎಸ್5ಗೆ ಬ್ಲೂಟೂತ್ ಹೆಡ್‌ಸೆಟ್ ನೇರವಾಗಿ ಕೂಡಿಸಲು ಬರುವುದಿಲ್ಲ. ಅದಕ್ಕೆ ಡಾಂಗಲ್ ಬೇಕು, ಇಲ್ಲವೇ ಕಂಟ್ರೋಲರಿನ ತೂತಿಗೆ 3.5 ಎಂಎಂ ವೈರು. ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಮತ್ತು ಎಸ್ ಇನ್ನೂ ಬಿಗಿ. ಬ್ಲೂಟೂತೂ ಇಲ್ಲ, ಸಾಮಾನ್ಯ ಯುಎಸ್‌ಬಿ ಡಾಂಗಲ್ಲೂ ನಡೆಯುವುದಿಲ್ಲ. ವೈರ್‌ಲೆಸ್ ಬೇಕೆಂದರೆ ಎಕ್ಸ್‌ಬಾಕ್ಸ್‌ಗೆಂದೇ ಪರವಾನಗಿ ಪಡೆದ ಮಾದರಿಯೇ ಆಗಬೇಕು. ಒಂದೇ ಹೆಸರಿನ ಹೆಡ್‌ಸೆಟ್ಟಿಗೆ ಎರಡು ಮೂರು ಬಾಲ ಇರುವುದು ಇದೇ ಕಾರಣಕ್ಕೆ. ಸ್ಟೀಲ್‌ಸೀರೀಸ್ ಆರ್ಕ್ಟಿಸ್ ನೋವಾ 7ಪಿ ಎಕ್ಸ್‌ಬಾಕ್ಸಿನಲ್ಲಿ ನಡೆಯುವುದಿಲ್ಲ. 7ಎಕ್ಸ್ ಎಕ್ಸ್‌ಬಾಕ್ಸಿನಲ್ಲೂ ಪಿಎಸ್5ನಲ್ಲೂ ಪಿಸಿಯಲ್ಲೂ ನಡೆಯುತ್ತದೆ. ಹಾಗಾಗಿ ಮನೆಯಲ್ಲಿ ಎರಡೂ ಕನ್ಸೋಲ್ ಇದ್ದರೆ, ಅಥವಾ ಮುಂದೆ ಎಕ್ಸ್‌ಬಾಕ್ಸ್ ಬರುವ ಯೋಚನೆ ಇದ್ದರೆ, ಪಿಎಸ್5ನಲ್ಲೂ ನಡೆಯುವ ಇಂಥ ಎಕ್ಸ್‌ಬಾಕ್ಸ್ ಮಾದರಿಯನ್ನೇ ನೋಡಿ. ನಿಂಟೆಂಡೊ ಸ್ವಿಚ್ಚಿಗೆ 2021ರ ಸೆಪ್ಟೆಂಬರಿನ 13.0.0 ಅಪ್‌ಡೇಟಿನಲ್ಲಿ ಬ್ಲೂಟೂತ್ ಧ್ವನಿ ಬಂತು. ಆದರೆ ಮೈಕ್ ಇಲ್ಲ, ಜೊತೆಗೆ ಎರಡಕ್ಕಿಂತ ಹೆಚ್ಚು ವೈರ್‌ಲೆಸ್ ಕಂಟ್ರೋಲರ್ ಕೂಡಿಸಲು ಬಿಡುವುದಿಲ್ಲ.

ಇನ್ನು ಲ್ಯಾಪ್‌ಟಾಪು. ಅತಿ ಹೆಚ್ಚು ದೂರು ಬರುವುದು ಇಲ್ಲೇ. "ಹಾಡು ಚಂದ ಕೇಳ್ತಿತ್ತು, ಮೀಟಿಂಗಿಗೆ ಸೇರಿದ ಕೂಡ್ಲೆ ಬಾವಿಯೊಳಗಿಂದ ಮಾತಾಡಿದ ಹಾಗೆ ಆಯ್ತು, ಪೀಸ್ ಹಾಳಾಗಿದೆಯಾ?" ಹಾಳಾಗಿಲ್ಲ. ಹಳೆಯ ಬ್ಲೂಟೂತಿನಲ್ಲಿ ಎರಡು ಪ್ರತ್ಯೇಕ ಕ್ರಮಗಳಿವೆ. ಹಾಡು ಕೇಳುವ ಕ್ರಮದಲ್ಲಿ ಸ್ಟೀರಿಯೊ ಧ್ವನಿ ಒಂದೇ ದಿಕ್ಕಿಗೆ ಹರಿಯುತ್ತದೆ, ಮೈಕ್ ಸತ್ತಿರುತ್ತದೆ. ಯಾವುದೋ ಆ್ಯಪ್ ಮೈಕ್ ಕೇಳಿದ ಕ್ಷಣ ಅದು ಫೋನ್ ಕರೆಯ ಕ್ರಮಕ್ಕೆ ಬದಲಾಗುತ್ತದೆ. ಆಗ ಸ್ಟೀರಿಯೊ ಹೋಗಿ ಮೊನೊ ಆಗುತ್ತದೆ, ಸ್ಯಾಂಪ್ಲಿಂಗ್, ಅಂದರೆ ಸೆಕೆಂಡಿಗೆ ಧ್ವನಿಯನ್ನು ಎಷ್ಟು ಸಲ ಅಳೆಯುತ್ತದೆ ಎಂಬುದು, 8 ಅಥವಾ 16 ಕಿಲೋಹರ್ಟ್ಸಿಗೆ ಇಳಿಯುತ್ತದೆ. ಹಾಡಿನ ಸಿ.ಡಿ.ಯದು 44.1 ಎಂದು ನೆನೆದರೆ ಎಷ್ಟು ಕಿತ್ತು ಹೋಯಿತೆಂದು ತಿಳಿಯುತ್ತದೆ. ಮೀಟಿಂಗಿಗೆ ಇದು ಹೇಗೋ ಸಾಗುತ್ತದೆ. ಆಟದಲ್ಲಿ ಮಾತ್ರ ಎಡಬಲ ಎಂಬುದೇ ಇಲ್ಲವಾಗಿ, ಶತ್ರು ಯಾವ ಬದಿಯಿಂದ ಬಂದನೆಂದು ಗೊತ್ತಾಗುವುದಿಲ್ಲ. ಹೆಡ್‌ಸೆಟ್ ಎಂಟು ಸಾವಿರದ್ದಾದರೂ ಇಪ್ಪತ್ತು ಸಾವಿರದ್ದಾದರೂ ಈ ಕತೆ ಬದಲಾಗುವುದಿಲ್ಲ. ಎಲ್ಇ ಆಡಿಯೊ ಎಂಬ ಹೊಸ ವ್ಯವಸ್ಥೆ ಇದಕ್ಕೆ ಮದ್ದು ಹೌದು, ಆದರೆ ಅದು ಹೆಡ್‌ಸೆಟ್, ಲ್ಯಾಪ್‌ಟಾಪ್ ಎರಡರಲ್ಲೂ ಇರಬೇಕು.

ಪರಿಹಾರ ಎರಡು. ಲ್ಯಾಪ್‌ಟಾಪಿಗೆ ಡಾಂಗಲ್ಲೇ ಹಾಕುವುದು ಒಂದು. ಡಾಂಗಲ್ ದಾರಿಯಲ್ಲಿ ಮೈಕ್ ಆನ್ ಇದ್ದರೂ ಸ್ಟೀರಿಯೊ ಉಳಿಯುತ್ತದೆ. ಡಾಂಗಲ್ ಪಿಎಸ್5ನಲ್ಲೇ ಬಿಟ್ಟಿರುತ್ತೇನೆ ಎನ್ನುವವರು ವಿಂಡೋಸಿನ ಸೌಂಡ್ ಸೆಟ್ಟಿಂಗ್‌ಗೆ ಹೋಗಿ ಇನ್‌ಪುಟ್ ಜಾಗದಲ್ಲಿ ಲ್ಯಾಪ್‌ಟಾಪಿನ ಸ್ವಂತ ಮೈಕನ್ನೇ ಆರಿಸಿಕೊಳ್ಳಿ. ಮೀಟಿಂಗ್ ಆ್ಯಪಿನ ಒಳಗೂ ಅದನ್ನೇ ಆರಿಸಬೇಕು, ಎಷ್ಟೋ ಜನ ಇಲ್ಲಿ ಮರೆಯುತ್ತಾರೆ. ಆಗ ಹೆಡ್‌ಸೆಟ್ ಹಾಡಿನ ಕ್ರಮದಲ್ಲೇ ಉಳಿಯುತ್ತದೆ. ಮಳೆಗಾಲದಲ್ಲಿ ತಗಡಿನ ಮಾಡಿನ ಕೆಳಗೆ ಕೂತವರಿಗೆ ಈ ಉಪಾಯ ಒಗ್ಗದು. ಲ್ಯಾಪ್‌ಟಾಪಿನ ಮೈಕ್ ನಿಮ್ಮ ಮಾತಿಗಿಂತ ಮಳೆಯನ್ನೇ ಜೋರಾಗಿ ಕಳಿಸುತ್ತದೆ. ಅಂಥವರಿಗೆ ಬಾಯಿಯ ಹತ್ತಿರ ಬರುವ ಕಡ್ಡಿ ಮೈಕು ಮತ್ತು ಡಾಂಗಲ್, ಬೇರೆ ದಾರಿಯಿಲ್ಲ.

ವಿಂಡೋಸಿನದೇ ಇನ್ನೊಂದು ಕಿತಾಪತಿ: ಕರೆ ಬಂದ ಕೂಡಲೇ ಆಟದ ಸದ್ದು ತಾನಾಗಿ ಕುಗ್ಗುತ್ತದೆ. ಹಳೆಯ ಸೌಂಡ್ ಕಂಟ್ರೋಲ್ ಪ್ಯಾನೆಲ್ ತೆರೆದು, ಕಮ್ಯುನಿಕೇಷನ್ಸ್ ಟ್ಯಾಬಿನಲ್ಲಿ ಬೇರೆ ಸದ್ದನ್ನು 80% ಕಡಿಮೆ ಮಾಡು ಎಂದು ಮೊದಲೇ ಆಯ್ಕೆಯಾಗಿರುವುದನ್ನು ತೆಗೆದು 'ಡು ನಥಿಂಗ್' ಮಾಡಿ. ಕೆಲವು ಹೆಡ್‌ಸೆಟ್‌ಗಳು ಪಿಸಿಯಲ್ಲಿ 'ಗೇಮ್', 'ಚಾಟ್' ಎಂದು ಎರಡು ಸಾಧನವಾಗಿ ಕಾಣಿಸುತ್ತವೆ. ಆಟಕ್ಕೆ ಗೇಮ್, ಆಡುವಾಗ ಗೆಳೆಯರೊಡನೆ ಮಾತಾಡುವ ಡಿಸ್ಕಾರ್ಡ್ ಆ್ಯಪಿಗೆ ಚಾಟ್ ಕೊಡಿ. ಇಷ್ಟು ಮಾಡದಿದ್ದರೆ ಹೆಡ್‌ಸೆಟ್ ಬದಿಯ ಚಕ್ರ ಎಷ್ಟು ತಿರುಗಿಸಿದರೂ ಮಾತು ಮತ್ತು ಆಟದ ಹದ ಸಿಗುವುದಿಲ್ಲ.

ಈಗ 'ಎರಡು ಕಡೆ ಒಟ್ಟಿಗೆ ಕನೆಕ್ಟ್' ಎಂಬ ಮಾತು. ಇದಕ್ಕೆ ಎರಡು ಅರ್ಥ ಇದೆ, ಮಾರುವವರು ಎರಡನ್ನೂ ಒಂದೇ ಎಂಬಂತೆ ಹೇಳುತ್ತಾರೆ. ಮಲ್ಟಿಪಾಯಿಂಟ್ ಎಂದರೆ ಎರಡು ಬ್ಲೂಟೂತ್ ಸಾಧನಗಳಿಗೆ ಕೂಡಿಕೊಂಡಿರುತ್ತದೆ, ಆದರೆ ಒಂದು ಹೊತ್ತಿಗೆ ಒಂದರದ್ದೇ ಸದ್ದು. ನಮಗೆ ಬೇಕಾದದ್ದು ಬೇರೆ: ಡಾಂಗಲ್ಲಿನಿಂದ ಪಿಎಸ್5ನ ಆಟ, ಅದರ ಮೇಲೆಯೇ ಬ್ಲೂಟೂತಿನಿಂದ ಫೋನಿನ ಕರೆ, ಎರಡೂ ಬೆರೆತು ಕಿವಿಗೆ ಬರುವುದು. ಆರ್ಕ್ಟಿಸ್ ನೋವಾ 7, ಸೋನಿಯ ಪಲ್ಸ್ ಎಲೀಟ್ ಇದನ್ನು ಮಾಡುತ್ತವೆ. ಲಾಜಿಟೆಕ್ ಜಿ ಪ್ರೊ ಎಕ್ಸ್ 2 ಲೈಟ್‌ಸ್ಪೀಡ್‌ನಲ್ಲಿ ಡಾಂಗಲ್, ಬ್ಲೂಟೂತ್ ಎರಡೂ ಇವೆ, ಆದರೆ ಗುಂಡಿ ಒತ್ತಿ ಒಂದರಿಂದ ಇನ್ನೊಂದಕ್ಕೆ ಬದಲಾಗಬೇಕು. ಹೈಪರ್‌ಎಕ್ಸ್ ಕ್ಲೌಡ್ 3 ವೈರ್‌ಲೆಸ್‌ನಲ್ಲಿ ಬ್ಲೂಟೂತೇ ಇಲ್ಲ. ಅದರ 120 ಗಂಟೆಯ ಬ್ಯಾಟರಿ ನೋಡಿ ಮರುಳಾಗುವವರು ಇದನ್ನು ಗಮನಿಸುವುದು ಪಾರ್ಸೆಲ್ ಒಡೆದ ಮೇಲೆ. ಅಡುಗೆಮನೆಯಿಂದ ಕರೆದದ್ದು ಕೇಳದೆ, ಕೊನೆಗೆ ಫೋನಿಗೇ ಕರೆ ಬರುವ ಮನೆಗಳಲ್ಲಿ ಬೆರೆಸುವ ಗುಣವೊಂದೇ ಎರಡು ಮೂರು ಸಾವಿರ ಹೆಚ್ಚು ಕೊಡಲು ಸಾಕಷ್ಟು ಕಾರಣ.

ಸದ್ದು ಕಿವಿಗೆ ಬರಲು ತಡ ಎಷ್ಟು? ಸಾಮಾನ್ಯ ಬ್ಲೂಟೂತಿನಲ್ಲಿ 150ರಿಂದ 250 ಮಿಲಿಸೆಕೆಂಡ್, ಒಳ್ಳೆಯ ಡಾಂಗಲ್ಲಿನಲ್ಲಿ 20ರಿಂದ 40. ಅಂಕಿ ಕೇಳಿ ಏನೂ ಅನಿಸದಿದ್ದರೆ ಹೀಗೆ ನೋಡಿ: ತೋಟದ ಆಚೆ ಬದಿಯಲ್ಲಿ ಕಟ್ಟಿಗೆ ಒಡೆಯುವವರ ಕೊಡಲಿ ಬಿದ್ದದ್ದು ಮೊದಲು ಕಾಣುತ್ತದೆ, ಸಪ್ಪಳ ಆಮೇಲೆ ಬರುತ್ತದೆ. ಅವರು ಸುಮಾರು 68 ಮೀಟರ್ ದೂರ ಇದ್ದರೆ ಆ ಅಂತರ 200 ಮಿಲಿಸೆಕೆಂಡ್. ಬ್ಲೂಟೂತಿನಲ್ಲಿ ಆಡುವಾಗ ನಿಮ್ಮ ಕೈಯ ಬಂದೂಕೇ ಅಷ್ಟು ದೂರದಲ್ಲಿ ಸಿಡಿದ ಹಾಗೆ. ಪರೀಕ್ಷಿಸಲು ಯೂಟ್ಯೂಬ್ ವಿಡಿಯೊ ಹಾಕಬೇಡಿ. ವಿಡಿಯೊ ಆ್ಯಪ್‌ಗಳು ಚಿತ್ರವನ್ನೇ ಅಷ್ಟು ತಡಮಾಡಿ ತುಟಿಗೂ ಮಾತಿಗೂ ಸರಿಹೊಂದಿಸುತ್ತವೆ, ದೋಷ ಕಾಣಿಸುವುದಿಲ್ಲ. ಫೋನಿನಲ್ಲಿ ಒಂದು ಪಿಯಾನೊ ಆ್ಯಪ್ ಹಾಕಿ ಬೆರಳಿನಿಂದ ಟಕಟಕ ಬಡಿಯಿರಿ. ಸದ್ದು ಬೆರಳಿನ ಹಿಂದೆ ಓಡಿಬರುತ್ತಿದ್ದರೆ ಆ ದಾರಿ ಆಟಕ್ಕಲ್ಲ.

ಫೋನಿನಲ್ಲಿ ಬಿಜಿಎಂಐ ಎಂಬ ಗುಂಡಿನ ಕಾಳಗದ ಆಟ ಆಡುವವರು ಆದ್ದರಿಂದ ಫೋನಿಗೂ ಡಾಂಗಲ್ಲನ್ನೇ ಹಾಕಬೇಕು. ಡಾಂಗಲ್ ಟೈಪ್ ಸಿ ಆಗಿದ್ದು, ಜೊತೆಗೆ ಟೈಪ್ ಎ ಅಡಾಪ್ಟರ್ ಕೊಟ್ಟಿರುವ ಮಾದರಿಯೇ ಅನುಕೂಲ. ಕೆಲವು ಒಪ್ಪೊ, ರಿಯಲ್‌ಮಿ, ಒನ್‌ಪ್ಲಸ್ ಫೋನುಗಳಲ್ಲಿ ಸೆಟ್ಟಿಂಗಿನಲ್ಲಿ ಒಟಿಜಿ (ಫೋನಿಗೆ ಯುಎಸ್‌ಬಿ ಸಾಧನ ಕೂಡಿಸುವ ಸೌಲಭ್ಯ) ಆನ್ ಮಾಡದೆ ಡಾಂಗಲ್ಲಿಗೆ ಜೀವ ಬರುವುದಿಲ್ಲ, ಬಳಸದೆ 10 ನಿಮಿಷ ಬಿಟ್ಟರೆ ಅದು ತಾನಾಗಿ ಆಫ್ ಆಗುತ್ತದೆ. "ನಿನ್ನೆ ನಡೀತಿತ್ತು, ಇವತ್ತು ಇಲ್ಲ" ಎಂಬ ದೂರಿನ ಮೂಲ ಬಹಳ ಸಲ ಇಷ್ಟೇ.

ಟಿವಿಯ ಬಗ್ಗೆ ಹೆಚ್ಚು ಆಸೆ ಬೇಡ. ಎಷ್ಟೋ ಟಿವಿಗಳ ಯುಎಸ್‌ಬಿ ತೂತು ಪೆನ್‌ಡ್ರೈವಿಗೆ ಮಾತ್ರ, ಡಾಂಗಲ್ ಗುರುತಿಸುವುದಿಲ್ಲ. ಸಿನಿಮಾ ನೋಡಲು ಬ್ಲೂಟೂತ್ ಸಾಕು.

ಸದ್ದು ತುಂಡುತುಂಡಾಗುವುದಕ್ಕೆ ಹೆಡ್‌ಸೆಟ್ಟನ್ನು ಬೈಯುವ ಮೊದಲು ಡಾಂಗಲ್ ಎಲ್ಲಿದೆ ನೋಡಿ. ಯುಎಸ್‌ಬಿ 3.0 ತೂತು ಮತ್ತು ಅದಕ್ಕೆ ಹಾಕಿದ ಹಾರ್ಡ್‌ಡಿಸ್ಕ್ ಕೇಬಲು 2.4 ಗಿಗಾಹರ್ಟ್ಸ್ ಪಟ್ಟಿಯಲ್ಲೇ ಗದ್ದಲ ಮಾಡುತ್ತವೆ. ಪಿಎಸ್5 ಸ್ಲಿಮ್‌ನಲ್ಲಿ ಮುಂದಿನ ಎರಡೂ ತೂತು ಟೈಪ್ ಸಿ. ಹಳೆಯ ಟೈಪ್ ಎ ಡಾಂಗಲ್ ಹಿಂದುಗಡೆಗೇ ಹೋಗಬೇಕು, ಅಲ್ಲೇ ಪಕ್ಕದಲ್ಲಿ ಹಾರ್ಡ್‌ಡಿಸ್ಕ್, ಅದರ ಹಿಂದೆ ಗೋಡೆ. ಒಂದು ಮೀಟರಿನ ಯುಎಸ್‌ಬಿ 2.0 ಎಕ್ಸ್‌ಟೆನ್ಷನ್ ಕೇಬಲ್ ತಂದು ಡಾಂಗಲ್ಲನ್ನು ಟಿವಿ ಸ್ಟ್ಯಾಂಡಿನ ಮುಂಭಾಗಕ್ಕೆ, ನಿಮ್ಮ ಕಣ್ಣಿಗೆ ಕಾಣುವಲ್ಲಿ ಇಡಿ. ಅರ್ಧಕ್ಕರ್ಧ ತೊಂದರೆ ಅಲ್ಲಿಗೇ ಮುಗಿಯುತ್ತದೆ. ವೈಫೈ ರೂಟರ್ ಡಾಂಗಲ್ಲಿಗೆ ಅಂಟಿಕೊಂಡಿದ್ದರೆ ಒಂದೆರಡು ಮೀಟರ್ ಸರಿಸಿ, ಕನ್ಸೋಲು ಮತ್ತು ಲ್ಯಾಪ್‌ಟಾಪನ್ನು 5 ಗಿಗಾಹರ್ಟ್ಸ್ ವೈಫೈಗೆ ಹಾಕಿ. ಡಬ್ಬದ ಮೇಲೆ '12 ಮೀಟರ್' ಎಂದು ಬರೆದಿರುವುದು ಬಯಲಿನ ಲೆಕ್ಕ. ನಮ್ಮ ಕಡೆಯ ಚಿರೇಕಲ್ಲಿನ ಗೋಡೆ ದಪ್ಪ, ಮಳೆಗಾಲದಲ್ಲಿ ನೀರು ಕುಡಿದು ನಿಂತಿರುತ್ತದೆ, ನೀರು ಈ ಅಲೆಗಳನ್ನು ಹೀರುತ್ತದೆ. ಬೇಸಿಗೆಯಲ್ಲಿ ಜಗಲಿಯವರೆಗೂ ಬರುತ್ತಿದ್ದ ಸದ್ದು ಆಷಾಢದಲ್ಲಿ ಒಳಕೋಣೆಯ ಬಾಗಿಲಲ್ಲೇ ನಿಂತರೆ ಆಶ್ಚರ್ಯವಿಲ್ಲ.

3.5 ಎಂಎಂ ವೈರಿನ ತೂತು ಇರಲೇಬೇಕು ಎಂಬುದು ನಮ್ಮ ಹಟ. ಬಹುಪಾಲು ಹೆಡ್‌ಸೆಟ್‌ಗಳ ಬ್ಯಾಟರಿ ಸುಲಭಕ್ಕೆ ಬದಲಿಸುವಂಥದ್ದಲ್ಲ. ಅದು ಸೋತ ಮೇಲೂ ವೈರಿನಲ್ಲಿ ನಾಲ್ಕು ವರ್ಷ ಓಡಿಸಬಹುದು. ಆದರೆ ಎರಡು ವಿಷಯ ಕೇಳಿ ತಿಳಿಯಿರಿ: ಚಾರ್ಜ್ ಖಾಲಿಯಾದಾಗಲೂ ವೈರಿನಲ್ಲಿ ಸದ್ದು ಬರುತ್ತದೆಯೇ, ವೈರಿನಲ್ಲಿ ಮೈಕ್ ನಡೆಯುತ್ತದೆಯೇ. ಎಲ್ಲ ಮಾದರಿಯೂ ಎರಡಕ್ಕೂ 'ಹೌದು' ಎನ್ನುವುದಿಲ್ಲ.

ಸುತ್ತಲಿಂದ ಸದ್ದು ಬಂದಂತೆ ಕೇಳಿಸುವ 7.1 ಸರೌಂಡ್ ಎಂಬುದಕ್ಕೆ ದುಡ್ಡು ಸುರಿಯಬೇಡಿ. ಪಿಎಸ್5ಗೆ ತನ್ನದೇ 3ಡಿ ಧ್ವನಿ ಇದೆ, ವಿಂಡೋಸಿನಲ್ಲಿ ವಿಂಡೋಸ್ ಸೋನಿಕ್ ಪುಕ್ಕಟೆ. ಎರಡೆರಡು ಕಡೆ ಆನ್ ಮಾಡಿದರೆ ದಿಕ್ಕು ಕಲಸಿಹೋಗುತ್ತದೆ.

ಕರಾವಳಿಯವರು ಕೇಳುವುದೇ ಇಲ್ಲದ, ಆದರೆ ಕೇಳಬೇಕಾದ ಪ್ರಶ್ನೆ ಕಿವಿಯ ಪ್ಯಾಡಿನದು. ಚರ್ಮದ ಹಾಗೆ ಕಾಣುವ ಆ ಹೊದಿಕೆ ಪಾಲಿಯುರೆಥೇನ್. ತೇವ ಮತ್ತು ಬೆವರು ಸೇರಿ ಅದರ ಕೊಂಡಿಗಳನ್ನೇ ಬಿಡಿಸುತ್ತವೆ. ಮೊದಲು ಅಂಟಂಟು, ಆಮೇಲೆ ಕರಿ ಪದರ ಎದ್ದು ಕಿವಿಗೆಲ್ಲ ಮೆತ್ತಿಕೊಳ್ಳುತ್ತದೆ. ವರ್ಷಕ್ಕೆ 3000 ಮಿ.ಮೀ. ಆಸುಪಾಸು ಮಳೆ ಬೀಳುವ ಕಾರವಾರದಲ್ಲಿ ಇದು ಬೇಗ ಆಗುತ್ತದೆ. ಬಟ್ಟೆಯ ಪ್ಯಾಡು ಈ ಹವೆಗೆ ವಾಸಿ, ಹೊರಗಿನ ಸದ್ದು ಸ್ವಲ್ಪ ಹೆಚ್ಚು ಬಂದರೂ ಅಡ್ಡಿಯಿಲ್ಲ. ಪ್ಯಾಡು ಕೈಯಿಂದ ಕಿತ್ತು ಹಾಕುವಂತಿರಬೇಕು, ಬದಲಿ ಪ್ಯಾಡು ಮಾರಾಟಕ್ಕೆ ಇರಬೇಕು. ಒರೆಸಲು ಒಣಬಟ್ಟೆ ಸಾಕು, ಸ್ಯಾನಿಟೈಸರ್ ಹಾಕಬೇಡಿ. ವಾರಗಟ್ಟಲೆ ಬಳಸದಿದ್ದರೆ ಅರ್ಧ ಚಾರ್ಜಿನಲ್ಲಿ ನಿಲ್ಲಿಸಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿ ಎರಡು ಮೂರು ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ತೆರೆದ ಕಪಾಟಿನಲ್ಲಿ ಬಿಟ್ಟರೆ ಬೂಸ್ಟು ಹಿಡಿಯುತ್ತದೆ. ಚಾರ್ಜ್ ಆಗುತ್ತಿಲ್ಲ ಎನಿಸಿದರೆ, ಎರಡೂ ತುದಿ ಟೈಪ್ ಸಿ ಇರುವ ಕೇಬಲ್ ಬಿಟ್ಟು ಡಬ್ಬದಲ್ಲಿ ಬಂದ ಟೈಪ್ ಎ ಕೇಬಲ್ ಹಾಕಿ ನೋಡಿ. ಕೆಲವು ಅಗ್ಗದ ಹೆಡ್‌ಸೆಟ್‌ಗಳಲ್ಲಿ 5.1 ಕಿಲೋ ಓಮ್‌ನ ಚಿಕ್ಕ ರೆಸಿಸ್ಟರ್ ಇರುವುದಿಲ್ಲ, ಅದಿಲ್ಲದೆ ಟೈಪ್ ಸಿ ಚಾರ್ಜರ್ ಕರೆಂಟು ಬಿಡುವುದಿಲ್ಲ.

ಕೊಳ್ಳುವಾಗ ಕಾರವಾರದ 581301 ಅಥವಾ ಸಿರಸಿಯ 581401, ಹೀಗೆ ನಿಮ್ಮ ಪಿನ್‌ಕೋಡ್ ಹಾಕಿ ವಾರಂಟಿಯ ಪೀಸನ್ನು ಮನೆಯಿಂದಲೇ ಒಯ್ಯುತ್ತಾರೆಯೇ ಕೇಳಿ, ಇಲ್ಲದಿದ್ದರೆ ಹುಬ್ಬಳ್ಳಿಗೋ ಗೋವಾಕ್ಕೋ ಬಸ್ಸು ಹತ್ತಬೇಕಾದೀತು. ಡಾಂಗಲ್ ಕಳೆದರೆ ಬಿಡಿಯಾಗಿ ಸಿಗುತ್ತದೆಯೇ ಎಂದೂ ಕೇಳಿ. ಪಾರ್ಸೆಲ್ ಬಂದ ದಿನವೇ ಚೀಟಿ ಹಿಡಿದು ಎಲ್ಲ ಸಾಧನಕ್ಕೂ ಹಾಕಿ ನೋಡಿ, ಬದಲಾಯಿಸುವ ಅವಧಿ ಏಳು ಹತ್ತು ದಿನದಲ್ಲಿ ಮುಗಿದುಹೋಗುತ್ತದೆ. ಕನ್ನಡಕ ಹಾಕುವವರು ಕನ್ನಡಕ ಹಾಕಿಕೊಂಡೇ ಒಂದೂವರೆ ಗಂಟೆ ತೊಟ್ಟು ಕೂರಿ; ಕಿವಿಯ ಹಿಂದೆ ನೋವು ಶುರುವಾಗುವುದು ಮೊದಲ ಹತ್ತು ನಿಮಿಷದಲ್ಲಲ್ಲ.