ಗದ್ದೆ ಬದುವಿನ ಒಂದೆಲಗ

ಹೋದ ವರ್ಷ ಆಷಾಢದಲ್ಲಿ ಅವ್ವ ಸಕಲೇಶಪುರದಿಂದ ಬೆಳಗಿನ ಬಸ್ಸಿಗೇ ಹಾಸನಕ್ಕೆ ಬಂದಳು. ಕೈಯಲ್ಲಿ ಬಾಳೆಲೆ ಸುತ್ತಿದ ಒಂದೆಲಗ. ಗದ್ದೆ ಬದುವಿನಲ್ಲಿ ಬೇರುಸಮೇತ ಕಿತ್ತದ್ದು, ಕೆಸರು ಇನ್ನೂ ಆರಿರಲಿಲ್ಲ. ತಮ್ಮನ ರಕ್ತದಲ್ಲಿ ಸೀಸ ಸೇರಿದೆ ಅಂತ ಫೋನಿನಲ್ಲಿ ಹೇಳಿದ್ದೇ ತಡ, ಅವಳಿಗೆ ತೋಚಿದ್ದು ಇದು.

ತಮ್ಮ ಆರು ವರ್ಷದಿಂದ ಹಳೇ ಬ್ಯಾಟರಿ ಒಡೆದು ಸೀಸದ ಪ್ಲೇಟು ತೆಗೆಯುವ ಕೆಲಸ ಮಾಡುತ್ತಿದ್ದ. ಹೊಟ್ಟೆನೋವು, ತಲೆನೋವು, ಸುಮ್‌ಸುಮ್ನೆ ಸಿಟ್ಟು. ಆಮೇಲೆ ಮರೆವು. ಒಂದು ದಿನ ಮಗಳನ್ನು ಅಂಗನವಾಡಿಯಿಂದ ಕರೆತರುವುದನ್ನೇ ಮರೆತ. ರಕ್ತ ಪರೀಕ್ಷೆ ಮಾಡಿಸಿದರೆ ಡೆಸಿಲೀಟರಿಗೆ 38 ಮೈಕ್ರೊಗ್ರಾಂ ಸೀಸ. 5 ಮುಟ್ಟಿದರೇ ಅದು ಎಲ್ಲಿಂದ ಬರುತ್ತಿದೆ ಅಂತ ಹುಡುಕಿ ತಡೆಯಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ಅವ್ವ ಸೊಪ್ಪನ್ನು ಮೂರು ನೀರಿನಲ್ಲಿ ತೊಳೆದಳು. ಒಣಮೆಣಸಿನಕಾಯಿ ಹುರಿದು, ಕಾಯಿತುರಿ, ಹುಣಸೆಹಣ್ಣು ಹಾಕಿ ಚಟ್ನಿ ರುಬ್ಬಿದಳು. ಮಧ್ಯಾಹ್ನ ಡಾಕ್ಟರ ಮುಂದೆ ಡಬ್ಬಿಯನ್ನೇ ಇಟ್ಟಳು. "ಇದು ಮಿದುಳಿಗೆ ಒಳ್ಳೇದು ಅಲ್ವಾ ಡಾಕ್ಟ್ರೇ?"

ಡಾಕ್ಟರು ನಗಲಿಲ್ಲ. ನನಗೆ ಅವರ ಮೇಲೆ ಗೌರವ ಹುಟ್ಟಿದ್ದೇ ಆಗ. "ಇಲಿಗಳಿಗೆ ಅಲ್ಯೂಮಿನಿಯಂ ಕೊಟ್ಟು ಮರೆವು ಬರಿಸಿ, ಜೊತೆಗೆ ಒಂದೆಲಗದ ಸಾರ ಕುಡಿಸಿ ನೋಡಿದ್ದಾರಮ್ಮ. ಕುಡಿದವಕ್ಕೆ ಮಿದುಳಿನ ಪೆಟ್ಟು ಕಡಿಮೆ ಆಗಿತ್ತು. ಆದ್ರೆ ಅದು ಇಲಿ. ಅದೂ ಅಲ್ಯೂಮಿನಿಯಂ, ಸೀಸ ಅಲ್ಲ. ಚಟ್ನಿ ತಿನ್ನಲಿ, ಬೇಡ ಅನ್ನಲ್ಲ. ಮೊದಲು ಆ ಕೆಲಸ ಬಿಡಿಸಿ."

ಸೀಸವನ್ನು ದೇಹ ಕ್ಯಾಲ್ಸಿಯಂ ಅಂದುಕೊಂಡು ಒಳಗೆ ಬಿಟ್ಟುಕೊಳ್ಳುತ್ತದಂತೆ. ಮಿದುಳಿಗೂ ಹೋಗುತ್ತದೆ, ಮೂಳೆಯಲ್ಲಿ ವರ್ಷಗಟ್ಟಲೆ ಕೂರುತ್ತದೆ. ಮಕ್ಕಳ ಮಿದುಳಿಗೆ ಪೆಟ್ಟು ಜಾಸ್ತಿ. "ಕೆಲಸದ ಬಟ್ಟೆ ಎಲ್ಲಿ ಒಗೀತೀರಿ?" ಅಂತ ಅವರು ಕೇಳಿದಾಗ ನಾದಿನಿ ಮುಖ ಬಿಳಿಚಿಕೊಂಡಿತು. ತಮ್ಮನ ಅಂಗಿ, ಮಗುವಿನ ಫ್ರಾಕು ಎಲ್ಲಾ ಒಂದೇ ಬಕೆಟ್ಟು. ಮಗುವಿಗೂ ಪರೀಕ್ಷೆ ಬರೆದುಕೊಟ್ಟರು. 11 ಬಂತು.

ಅವತ್ತು ವಾಪಸ್ ಬರುವಾಗ ಲೆಕ್ಕ ಚುಕ್ತಾ ಮಾಡಿಸಿಕೊಳ್ಳಲು ತಮ್ಮ ಅಂಗಡಿಯೊಳಗೆ ಹೋದ. ನಾವು ಹಿಂದಿನ ಓಣಿಯಲ್ಲಿ ನಿಂತೆವು. ಬ್ಯಾಟರಿ ತೊಳೆದ ನೀರು ಹರಿಯುವ ಮೋರಿ. ಅದರಂಚಿಗೆ ಒಂದೆಲಗ ಹಬ್ಬಿತ್ತು. ಗದ್ದೆಯದಕ್ಕಿಂತ ದೊಡ್ಡ ಎಲೆ. ಅವ್ವ ಬಗ್ಗಿ ಒಂದು ಹಿಡಿ ಕಿತ್ತೇಬಿಟ್ಟಳು.

"ಅವ್ವಾ, ಬಿಡು! ಮಣ್ಣಲ್ಲಿರೋ ಸೀಸ ಗಿಡಕ್ಕೂ ಏರುತ್ತೆ."

ಕೈಯಲ್ಲಿದ್ದ ಸೊಪ್ಪನ್ನೇ ನೋಡುತ್ತಾ ನಿಂತಳು. ಆಮೇಲೆ ಕೆಳಗೆ ಹಾಕಿದಳು. ಅಭ್ಯಾಸಬಲದಿಂದ ಸೆರಗಿಗೆ ಕೈ ಒರೆಸಲು ಹೋದವಳು ತಟ್ಟನೆ ತಡೆದು, "ನಲ್ಲಿ ಎಲ್ಲೈತೆ ಇಲ್ಲಿ?" ಅಂದಳು.